ಮೊದಲು ಆ ಪರದೆ ಆಫ್ ಮಾಡಿ

ಹೋದ ಕಂತಿನ ಕೊನೆಯಲ್ಲಿ ಮಾತಿನ ಭರಕ್ಕೆ ಒಂದು ವಾಕ್ಯ ಹೇಳಿಬಿಟ್ಟಿದ್ದೆ. ಜಿಗ್ ಹಾಕೋದನ್ನ ಕಲಿಯೋಕೆ ಮುಂಚೆ ಲೈವ್ ಸೋನಾರ್ ಕೊಳ್ಳೋರು ಮೀನು ಹಿಡಿಯೋದನ್ನ ಕಲೀತಾ ಇಲ್ಲ, ವಿಡಿಯೋ ಗೇಮ್ ಆಡ್ತಾ ಇದ್ದಾರೆ ಅಂತ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ. ದಿನವಿಡೀ ಡೇಟಾ, ಮಾಡೆಲ್ ಅಂತ ಹೊಟ್ಟೆ ಹೊರೆಯೋ ಮನುಷ್ಯ ತಂತ್ರಜ್ಞಾನದ ಮೇಲೆ ಹೀಗೆ ಕಿಡಿ ಕಾರ್ತೀರಲ್ಲ, ನಾಚಿಕೆ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಆಗಲ್ಲ ಸ್ವಾಮಿ. ಆ ಕೆಲಸ ಮಾಡೋದರಿಂದಲೇ ಈ ಮಾತು ಹೇಳ್ತಾ ಇದ್ದೀನಿ. ಅವತ್ತು ಅವಸರದಲ್ಲಿ ಹೇಳಿದ್ದನ್ನ ಇವತ್ತು ಬಿಡಿಸಿ ಬರೀತೀನಿ. ಆಮೇಲೆ ಬೈಯಿರಿ.

ಮೊದಲು ಜಾಗ ಹೇಳಿಬಿಡ್ತೀನಿ, ಯಾಕಂದ್ರೆ ಜಾಗ ಬಿಟ್ಟು ಮೀನಿನ ಮಾತಾಡೋದು ಬರೀ ಹರಟೆ. ನಾನಿರೋದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಗಾಳ ಹಾಕೋದು ಲೇಕ್ ಟ್ರಾವಿಸ್‌ನಲ್ಲಿ. ಹೆಸರಿಗೆ ಲೇಕ್, ನಿಜಕ್ಕೂ ಹಿನ್ನೀರು. ಕೊಲೊರಾಡೋ ನದಿಗೆ (ಗ್ರ್ಯಾಂಡ್ ಕ್ಯಾನ್ಯನ್‌ದಲ್ಲ, ಟೆಕ್ಸಸ್‌ನೊಳಗೇ ಹುಟ್ಟಿ ಸಮುದ್ರ ಸೇರೋ ಇನ್ನೊಂದು) ಅಡ್ಡಲಾಗಿ ಕಟ್ಟಿದ, 278 ಅಡಿ ಎತ್ತರದ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿಂದೆ ನಿಂತ ನೀರು. ಸುಣ್ಣಕಲ್ಲಿನ ದಡ, ಕಡಿದಾದ ಇಳಿಜಾರು, ತಿಳಿ ನೀರು. ದಡದಿಂದ ನಾಲ್ಕು ಮಾರು ದೂರಕ್ಕೆ ಎಸೆದರೆ ಇಪ್ಪತ್ತು ಅಡಿ ಆಳ ಸಿಗೋ ಜಾಗಗಳಿವೆ. ಅಲ್ಲಿ ದೊಡ್ಡಬಾಯಿಯ ಬ್ಯಾಸ್ ಇದೆ, ಟೆಕ್ಸಸ್‌ನ ರಾಜ್ಯಮೀನಾದ ಗ್ವಾಡಲೂಪ್ ಬ್ಯಾಸ್ ಕೂಡ ಇದೆ. ಸಿಡ್ನಿಯವರೇ, ನಿಮ್ಮ ಬ್ಯಾಸ್ ಬೇರೆ. ಇಂಗ್ಲೆಂಡಿನವರೇ, ನಿಮ್ಮ ಕಡಲ ಬ್ಯಾಸ್ ಇನ್ನೂ ಬೇರೆ. ಹೆಸರೊಂದೇ, ನೆಂಟಸ್ತಿಕೆ ಇಲ್ಲ.

ಇನ್ನು ಜಿಗ್. ಸೀಸದ್ದೋ ಟಂಗ್‌ಸ್ಟನ್ನಿನದೋ ಒಂದು ತಲೆ, ಅದಕ್ಕೇ ಬಿಗಿಯಾಗಿ ಸೇರಿಸಿದ ಕೊಕ್ಕೆ, ಸುತ್ತ ಸಿಲಿಕೋನ್ ಎಳೆಗಳ ಲಂಗ, ಕೊಂಬೆಗೆ ಸಿಕ್ಕದ ಹಾಗೆ ಕೊಕ್ಕೆಯನ್ನ ಕಾಯೋಕೆ ಮುಂದೊಂದು ಗಟ್ಟಿ ಬ್ರಷ್ಷು, ಹಿಂದೆ ಏಡಿಯ ಇಕ್ಕಳದ ಹಾಗೆ ಎರಡು ಕಾಲಿರೋ ಪ್ಲಾಸ್ಟಿಕ್ ಬಾಲ. ಇದು ತಳದಲ್ಲಿ ತೆವಳೋ ಕ್ರಾಫಿಶ್‌ನ ವೇಷ. ಅಂಗಡಿಯಲ್ಲಿ ಸಿಗೋ ಬೇರೆ ಬಹುತೇಕ ನಕಲಿ ಆಹಾರಗಳು ತಾವೇ ಕುಣೀತವೆ, ನೀವು ರೀಲ್ ತಿರುಗಿಸಿದರೆ ಸಾಕು. ಜಿಗ್ ಹಾಗಲ್ಲ. ಬಿಟ್ಟರೆ ಕಲ್ಲಿನ ಹಾಗೆ ಬೀಳುತ್ತೆ, ಬಿದ್ದಲ್ಲೇ ಕೂರುತ್ತೆ. ಅದಕ್ಕೆ ಜೀವ ಬರೋದು ನಿಮ್ಮ ಕೈಯಿಂದ. ಆಳದಲ್ಲಂತೂ ನಿಮಗೂ ಅದಕ್ಕೂ ನಡುವೆ ಇರೋದು ಒಂದೇ ಒಂದು ಎಳೆ ದಾರ.

ನನ್ನ ಮೊದಲ ವರ್ಷ ಪೂರ್ತಿ ದಂಡ. ಎಸೀತಿದ್ದೆ, ಬಿದ್ದ ಕೂಡಲೇ ದಾರ ಬಿಗಿ ಹಿಡೀತಿದ್ದೆ, ರೀಲ್ ತಿರುಗಿಸ್ತಿದ್ದೆ. ದಾರ ಬಿಗಿ ಹಿಡಿದರೆ ಜಿಗ್ ನೇರ ಕೆಳಗೆ ಬೀಳೋದಿಲ್ಲ. ಗಡಿಯಾರದ ಲೋಲಕದ ಹಾಗೆ ನಿಮ್ಮ ಕಡೆಗೇ ಜೋತಾಡಿಕೊಂಡು ಬರುತ್ತೆ, ಮೀನಿರೋ ಇಳಿಜಾರನ್ನ ಮುಟ್ಟೋದೇ ಇಲ್ಲ. ಇದು ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜ ಒಬ್ಬರು, ಕಲ್ಲುಕ್ವಾರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಮ್ಮ ಹಳೇ ದೋಣಿಯಲ್ಲಿ ಕೂರಿಸಿಕೊಂಡು ಹೋದರು. ಅರ್ಧ ಗಂಟೆ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು, "ಈಗ ನಿನ್ನ ಜಿಗ್ ಕೆಳಗೆ ಏನಿದೆ?" ಗೊತ್ತಿಲ್ಲ ಅಂದೆ. "ಗೊತ್ತಿಲ್ಲದೆ ಯಾಕೆ ಎಳೆದೆ?"

ಅವತ್ತಿಂದ ಎರಡು ತಿಂಗಳು ಅವರು ನನಗೆ ಮೀನು ಹಿಡಿಯೋಕೆ ಬಿಡಲಿಲ್ಲ ಅಂದರೂ ತಪ್ಪಲ್ಲ. ಮುಕ್ಕಾಲು ಔನ್ಸಿನ ಫುಟ್‌ಬಾಲ್ ತಲೆಯ ಜಿಗ್, ಅಂದ್ರೆ ಸುಮಾರು 21 ಗ್ರಾಂ. ತಲೆ ಅಡ್ಡಕ್ಕೆ ಉದ್ದವಾಗಿರೋದರಿಂದ ಕಲ್ಲಿನ ಮೇಲೆ ಓಲಾಡಿಕೊಂಡು ಬರುತ್ತೆ, ಸಂದಿಯಲ್ಲಿ ಸಿಕ್ಕೋದು ಕಡಿಮೆ. ಏಳಡಿಯ ಗಟ್ಟಿ ಕಡ್ಡಿ. 15 ಪೌಂಡಿನ ಫ್ಲೋರೋಕಾರ್ಬನ್ ದಾರ, ಇದು ನೀರಲ್ಲಿ ಮುಳುಗುತ್ತೆ. ಎಸೆ, ದಾರ ಸಡಿಲ ಬಿಡು, ಎಣಿಸು. ದಾರ ಸೊರಗಿ ನೀರ ಮೇಲೆ ಮಲಗಿತು ಅಂದ್ರೆ ಜಿಗ್ ತಳ ಮುಟ್ಟಿದೆ. ಈಗ ರೀಲ್ ಮುಟ್ಟಬೇಡ, ಕಡ್ಡಿಯನ್ನ ಪಕ್ಕಕ್ಕೆ ಮೆಲ್ಲಗೆ ಎಳಿ. ಕಣ್ಣು ಮುಚ್ಚು. ಏನಿದೆ ಹೇಳು.

ಜಲ್ಲಿ ಇದ್ದರೆ ಬೆರಳಿಗೆ ಜರಜರ ಅನ್ನುತ್ತೆ. ಬಂಡೆಯಾದರೆ ಟಕ್, ಆಮೇಲೆ ಮೌನ, ಮತ್ತೆ ಟಕ್. ಕೆಸರಾದರೆ ಕಲಸಿದ ಹಿಟ್ಟಿನಲ್ಲಿ ಬೆರಳಾಡಿಸಿದ ಹಾಗೆ, ಶಬ್ದವಿಲ್ಲದ ಭಾರ. ಮುಳುಗಿದ ಮರದ ಕೊಂಬೆಯಾದರೆ ತೂಕ ನಿಧಾನಕ್ಕೆ ಏರುತ್ತೆ, ಹತ್ತುತ್ತೆ, ಹತ್ತುತ್ತೆ, ಆಮೇಲೆ ತಟ್ಟನೆ ಹಗುರ. ಮೀನು? ಮೀನು ಇವುಗಳ ಹಾಗೆ ಇರೋದಿಲ್ಲ, ಆದರೆ ಇವುಗಳ ಹಾಗೆಯೇ ಇರುತ್ತೆ. ಬ್ಯಾಸ್ ಕಚ್ಚಿ ಎಳೆಯೋ ಪ್ರಾಣಿ ಅಲ್ಲ. ಬಾಯಿ ಫಕ್ಕನೆ ತೆರೆದು ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತೆ, ಇಷ್ಟವಾಗದಿದ್ದರೆ ಅಷ್ಟೇ ಬೇಗ ಉಗುಳುತ್ತೆ. ನಿಮ್ಮ ಕೈಗೆ ಬರೋದು ಒಂದು ಸಣ್ಣ ಟಿಕ್. ಕೆಲವೊಮ್ಮೆ ಅದೂ ಇಲ್ಲ. ಹನ್ನೆರಡು ಎಣಿಸಿದಾಗ ತಳ ಮುಟ್ಟಬೇಕಿದ್ದ ಜಿಗ್ ಎಂಟಕ್ಕೇ ನಿಂತುಬಿಟ್ಟಿರುತ್ತೆ. ಅಥವಾ ದಾರ ತನ್ನಷ್ಟಕ್ಕೆ ಪಕ್ಕಕ್ಕೆ ನಡೆಯೋಕೆ ಶುರುಮಾಡುತ್ತೆ. ಅಥವಾ ಇದ್ದ ತೂಕ ಇಲ್ಲವಾಗುತ್ತೆ. ಕಲ್ಲು, ಮಣ್ಣು, ಮರ ಇವು ಹೇಗಿರ್ತವೆ ಅಂತ ಕೈಗೆ ನೂರಾರು ಸಲ ಗೊತ್ತಾಗಿದ್ದರೆ ಮಾತ್ರ "ಇದು ಅದಲ್ಲ" ಅಂತ ಗೊತ್ತಾಗೋದು.

ಈಗ ಲೈವ್ ಸೋನಾರ್‌ಗೆ ಬರೋಣ. 2018ರಿಂದೀಚೆಗೆ ಮಾರುಕಟ್ಟೆ ತುಂಬಿರೋ, ದೋಣಿಯ ಮುಂದಕ್ಕೆ ನೋಡೋ ಸೋನಾರ್ ಇದು. ಮೀನು ಎಲ್ಲಿದೆ, ಎಷ್ಟಿವೆ, ನಿಮ್ಮ ಗಾಳ ಎಲ್ಲಿ ಬೀಳ್ತಾ ಇದೆ, ಮೀನು ತಿರುಗಿ ನೋಡಿತೋ ಇಲ್ಲವೋ, ಎಲ್ಲವೂ ಆ ಕ್ಷಣಕ್ಕೇ ಪರದೆಯ ಮೇಲೆ. ಪೂರ್ತಿ ಸೆಟ್ಟಿಗೆ ಸಾವಿರಾರು ಡಾಲರ್. ವೃತ್ತಿಪರ ಪಂದ್ಯಾವಳಿಗಳಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆದು, ಕೆಲವು ಕಡೆ ಮಿತಿ ಹಾಕಿದ್ದಾರೆ. ಆ ಜಗಳ ನನ್ನದಲ್ಲ. ವೃತ್ತಿಪರರು ಏನು ಬೇಕಾದರೂ ಮಾಡಿಕೊಳ್ಳಲಿ, ಅವರ ಕೈಗೆ ಆಗಲೇ ಎಲ್ಲ ಗೊತ್ತಿದೆ. ನನ್ನ ತಕರಾರು ಮೊದಲ ದಿನವೇ "ಇದನ್ನ ಕೊಂಡುಬಿಡಿ, ಕಲಿಯೋದು ಬೇಗ ಆಗುತ್ತೆ" ಅಂತ ನಿಮಗೆ ಹೇಳೋರ ಮೇಲೆ.

ಬೇಗ ಆಗೋದಿಲ್ಲ. ಯಾಕೆ ಅಂತ ನನ್ನ ಕಸುಬಿನ ಭಾಷೆಯಲ್ಲೇ ಹೇಳ್ತೀನಿ. ನಾವು ಒಂದು ಮಾಡೆಲ್‌ಗೆ ತರಬೇತಿ ಕೊಡುವಾಗ ಭಯಪಡೋ ಒಂದು ತಪ್ಪಿದೆ, ಲೀಕೇಜ್ ಅಂತೀವಿ. ಪ್ರಶ್ನೆಯ ಜೊತೆಗೇ ಎಲ್ಲೋ ಒಂದು ಕಡೆ ಉತ್ತರವೂ ಸೋರಿಹೋಗಿರುತ್ತೆ. ಉದಾಹರಣೆಗೆ, ಎದೆಯ ಎಕ್ಸ್‌ರೇ ನೋಡಿ ರೋಗ ಹೇಳು ಅಂತ ಮಾಡೆಲ್‌ಗೆ ಕಲಿಸ್ತಾ ಇದ್ದೀರಿ, ಚಿತ್ರದ ಮೂಲೆಯಲ್ಲಿ ಯಾವ ವಾರ್ಡಿನದು ಅನ್ನೋ ಗುರುತು ಉಳಿದುಬಿಟ್ಟಿದೆ ಅಂದುಕೊಳ್ಳಿ. ಮಾಡೆಲ್ ಶ್ವಾಸಕೋಶ ನೋಡೋದೇ ಇಲ್ಲ, ಗುರುತು ನೋಡಿಕೊಂಡು ಉತ್ತರ ಹೇಳುತ್ತೆ. ಅಂಕ ತೊಂಬತ್ತೊಂಬತ್ತು. ಎಲ್ಲರೂ ಚಪ್ಪಾಳೆ. ಆಮೇಲೆ ಆ ಗುರುತಿಲ್ಲದ ಬೇರೆ ಆಸ್ಪತ್ರೆಗೆ ಹಾಕಿ, ಸತ್ತುಬೀಳುತ್ತೆ. ಅದು ದಡ್ಡ ಮಾಡೆಲ್ ಅಲ್ಲ, ಸೋಮಾರಿ ಮಾಡೆಲ್. ಸುಲಭದ ದಾರಿ ಸಿಕ್ಕರೆ ಕಷ್ಟದ್ದನ್ನ ಕಲಿಯೋದಿಲ್ಲ. ನಾವೂ ಅಷ್ಟೇ. ಪರದೆಯ ಮೇಲೆ ಮೀನಿನ ಚುಕ್ಕೆ ಜಿಗ್‌ನ ಚುಕ್ಕೆಗೆ ಅಂಟಿಕೊಂಡದ್ದು ಕಣ್ಣಿಗೆ ಕಂಡ ಮೇಲೆ ಬೆರಳಿಗೆ ಏನು ಕೆಲಸ? ಮಿದುಳು ಆ ಟಿಕ್ ಅನ್ನ ಕೇಳೋದೇ ಇಲ್ಲ. ಕೇಳಬೇಕಾದ ಅಗತ್ಯವೇ ಬರಲಿಲ್ಲವಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲಿ ಅನೇಕರು ಇಲ್ಲೇ ಹುಟ್ಟಿ, ಕನ್ನಡವನ್ನ ಈಗ ಹಟ ಹಿಡಿದು ಕಲೀತಾ ಇರೋರು. ನಿಮಗೆ ಇದು ಬೇಗ ಅರ್ಥವಾಗುತ್ತೆ. ಸಬ್‌ಟೈಟಲ್ ಹಾಕಿಕೊಂಡು ಐವತ್ತು ಸಿನಿಮಾ ನೋಡಿರ್ತೀರಿ. ಆಮೇಲೆ ಊರಿಗೆ ಹೋದಾಗ ಅಜ್ಜಿ ಬಾಯಿ ತೆರೆದರೆ ಅರ್ಧ ಗೊತ್ತಾಗಲ್ಲ. ಕಣ್ಣಿಗೆ ಇಂಗ್ಲಿಷ್ ಸಿಕ್ಕಾಗ ಕಿವಿ ರಜೆ ಹಾಕಿಬಿಡುತ್ತೆ.

ನನಗೆ ಬಂದ ಪತ್ರಗಳಲ್ಲಿ ಒಂದೇ ಒಂದು ಗಟ್ಟಿ ವಾದ ಇತ್ತು, ಅದನ್ನ ಒಪ್ಪಿಕೊಂಡೇ ಮುಂದೆ ಹೋಗಬೇಕು. ಸಲಹೆ ಕೊಡೋಕೆ ಪಕ್ಕದ ಮನೆ ಅಜ್ಜ ಎಲ್ಲರಿಗೂ ಸಿಗೋದಿಲ್ಲ. ಒಬ್ಬಂಟಿಯಾಗಿ ಕಲಿಯೋರಿಗೆ ತಪ್ಪು ಎಲ್ಲಾಯ್ತು ಅಂತ ಹೇಳೋರಾರು? ಪರದೆಯಾದರೂ ಹೇಳುತ್ತಲ್ಲ? ಹೌದು, ನೀರಿನ ಮಧ್ಯದಲ್ಲಿ ತೇಲೋ ಮೀನಿಗೆ ಗಾಳ ಹಾಕುವಾಗ ಅದು ಹೇಳುತ್ತೆ, ಚೆನ್ನಾಗಿಯೇ ಹೇಳುತ್ತೆ. ಆದರೆ ಜಿಗ್ ಇರೋದು ತಳದಲ್ಲಿ, ಕಲ್ಲಿನ ಮಧ್ಯೆ. ಅಲ್ಲಿ ತಳದ ಪ್ರತಿಧ್ವನಿಯಲ್ಲೇ ಜಿಗ್ ಕರಗಿಹೋಗುತ್ತೆ. ಬಂಡೆಗೆ ಒತ್ತಿಕೊಂಡು ಕೂತ ಮೀನೂ ಕಾಣೋದಿಲ್ಲ. ಯಾವ ಜಾಗದಲ್ಲಿ ಜಿಗ್ ಅತ್ಯಂತ ಹೆಚ್ಚು ಕೆಲಸಕ್ಕೆ ಬರುತ್ತೋ ಅದೇ ಜಾಗದಲ್ಲಿ ಪರದೆ ಕುರುಡು. ಹಾಗಾಗಿ ಏನಾಗುತ್ತೆ? ಕಲಿಯೋ ಹುಡುಗರು ಪರದೆಯಲ್ಲಿ ಕಾಣೋ ಮೀನನ್ನೇ ಅಟ್ಟಿಸಿಕೊಂಡು ಹೋಗ್ತಾರೆ, ಜಿಗ್ ಬಿಟ್ಟುಬಿಡ್ತಾರೆ, ಆಮೇಲೆ "ಜಿಗ್‌ಗೆ ಮೀನು ಬೀಳಲ್ಲ ಗುರೂ" ಅಂತಾರೆ. ನಾನು ಕಣ್ಣಾರೆ ಕಂಡಿದ್ದೀನಿ.

ಅಜ್ಜ ಇಲ್ಲದೋರಿಗೆ ಬೇರೆ ದಾರಿ ಇದೆ, ಪುಕ್ಕಟೆ. ಬರಗಾಲ. ಲೇಕ್ ಟ್ರಾವಿಸ್ ತುಂಬಿದಾಗ ಮಟ್ಟ ಸಮುದ್ರಕ್ಕಿಂತ 681 ಅಡಿ. 2018ರ ಅಕ್ಟೋಬರ್ ಪ್ರವಾಹದಲ್ಲಿ 700 ದಾಟಿತ್ತು. 2013ರ ಬರದಲ್ಲಿ ತುಂಬಿದ ಮಟ್ಟಕ್ಕಿಂತ ಅರವತ್ತಕ್ಕೂ ಹೆಚ್ಚು ಅಡಿ ಕೆಳಗೆ ಹೋಗಿತ್ತು. ಅಂದ್ರೆ ಒಂದು ವರ್ಷ ನೀವು ಜಿಗ್ ಬಿಡೋ ತಳದ ಮೇಲೆ ಇನ್ನೊಂದು ವರ್ಷ ಚಪ್ಪಲಿ ಹಾಕಿಕೊಂಡು ನಡೀಬಹುದು. ನೀರು ಇಳಿದಾಗ ಹೋಗಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಸುಣ್ಣಕಲ್ಲು, ಒಣಗಿ ನಿಂತ ಬೊಡ್ಡೆಗಳು, ಬಂಡೆಯಿಂದ ಜಲ್ಲಿಗೆ ಬದಲಾಗೋ ಗೆರೆ, ಎಲ್ಲದರ ಫೋಟೋ ತೆಗೆದುಕೊಳ್ಳಿ. ಆ ಒಣ ನೆಲದ ಮೇಲೇ ಜಿಗ್ ಎಸೆದು ಎಳೀರಿ. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ನೋಡಿದವರು ಹುಚ್ಚ ಅಂತಾರೆ, ಅನ್ನಲಿ. ಅಲ್ಲಿ ಉತ್ತರ ನಿಮಗೆ ಸಿಗೋದು ಪ್ರಶ್ನೆ ಮುಗಿದ ಮೇಲೆ, ಪ್ರಶ್ನೆಯ ಜೊತೆಗಲ್ಲ. ವ್ಯತ್ಯಾಸ ಇರೋದು ಅಷ್ಟರಲ್ಲೇ.

ಈ ಉಪಾಯ ನನಗೆ ಹೊಳೆದದ್ದು ಟೆಕ್ಸಸ್‌ನಲ್ಲಿ ಅಲ್ಲ. ನಮ್ಮದು ಸಾಗರದ ಕಡೆ. ಲಿಂಗನಮಕ್ಕಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮುಳುಗಡೆಯಾದ ಹಳೇ ಮಡೆನೂರು ಅಣೆಕಟ್ಟೇ ಮೇಲೆ ಬರುತ್ತೆ, ಹಳೇ ರಸ್ತೆ ಕಾಣುತ್ತೆ. ನಮ್ಮ ಮಾವ ಆ ದಿನಗಳಲ್ಲಿ ಒಣ ನೆಲದ ಮೇಲೆ ಸುಮ್ಮನೆ ಓಡಾಡ್ತಿದ್ದ. ಬೊಡ್ಡೆ ಎಲ್ಲಿದೆ, ಹೊಂಡ ಎಲ್ಲಿದೆ ಅಂತ ನೋಡಿಟ್ಟುಕೊಳ್ತಿದ್ದ. ಮಳೆಗಾಲ ಕಳೆದ ಮೇಲೆ ದೋಣಿಯಲ್ಲಿ ಕೂತು, "ಇಲ್ಲಿ ಬಿಡು" ಅಂತಿದ್ದ. ಗಾಳಕ್ಕೆ ಎರೆಹುಳು, ಮೇಲೊಂದು ಬೆಂಡು. ಬೆಂಡು ಅಂದ್ರೆ ಇಲ್ಲಿಯವರು ಬಾಬರ್ ಅಂತಾರಲ್ಲ, ತೇಲೋ ತುಂಡು, ಅದೇ. ಮಾವನಿಗೆ ಅದು ನೆನಪಿನ ನಕ್ಷೆ. ಅಲ್ಲಿ ಮನೆ ಮಠ ಕಳೆದುಕೊಂಡವರಿಗೆ ಅದು ಬೇರೆಯೇ ನೆನಪು. ಆ ಮಾತು ಇಲ್ಲಿ ಎರಡು ಸಾಲಲ್ಲಿ ಮುಗಿಸೋದಲ್ಲ.

ಇಷ್ಟು ಹೊತ್ತು ಇನ್ನೊಬ್ಬರನ್ನ ಬೈದೆ. ಈಗ ನನ್ನನ್ನೇ ಬೈದುಕೊಳ್ಳಬೇಕು, ಯಾಕಂದ್ರೆ ಆಳದ ಬಗ್ಗೆ ಬರೆಯೋರು ಬಹಳ ಸಲ ಮುಚ್ಚಿಡೋ ವಿಷಯ ಒಂದಿದೆ.

ಮೂರನೇ ಬೇಸಿಗೆ. ಕೈ ಕುದುರಿತ್ತು. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮೂವತ್ತೈದು ಅಡಿ ಆಳದ ಒಂದು ಏಣಿನ ಮೇಲೆ ಒಂದಾದ ಮೇಲೊಂದು ನಾಲ್ಕು ಮೀನು. ಎಲ್ಲವನ್ನೂ ಫೋಟೋ ತೆಗೆದು, ಮುತ್ತಿಟ್ಟು, ನೀರಿಗೆ ಬಿಟ್ಟೆ. ಹಿಡಿದು ಬಿಡೋದು, ಪುಣ್ಯದ ಕೆಲಸ ಅಂತ ಎದೆ ಉಬ್ಬಿಸಿಕೊಂಡಿದ್ದೆ. ಒಂದು ಗಂಟೆ ಬಿಟ್ಟು ಅದೇ ದಾರಿಯಲ್ಲಿ ವಾಪಸ್ ಬಂದಾಗ ಎರಡು ಮೀನು ಅಡ್ಡಮಲಗಿ ತೇಲ್ತಾ ಇದ್ದವು. ಕಿವಿರು ಆಡ್ತಿತ್ತು. ಕೆಳಗೆ ಹೋಗೋಕೆ ಬಾಲ ಬಡೀತಿದ್ದವು, ಹೋಗೋಕೆ ಆಗ್ತಿರಲಿಲ್ಲ. ಮೇಲೆ ಹದ್ದು ಸುತ್ತುತ್ತಿತ್ತು.

ಇದಕ್ಕೆ ಬ್ಯಾರೋಟ್ರಾಮಾ ಅಂತ ಹೆಸರು. ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇದೆ. 33 ಅಡಿ ಆಳದಲ್ಲಿ ಒತ್ತಡ ಮೇಲಿನದರ ಹೆಚ್ಚುಕಡಿಮೆ ಎರಡರಷ್ಟು. ಅಲ್ಲಿಂದ ಮೀನನ್ನ ಅರ್ಧ ನಿಮಿಷದಲ್ಲಿ ಮೇಲೆಳೆದರೆ ಆ ಚೀಲದ ಗಾಳಿ ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ. ಕಾಟ್ಲಾ, ರೋಹುವಿನ ಕುಟುಂಬದ ಮೀನುಗಳಿಗೆ ಆ ಚೀಲದಿಂದ ಗಂಟಲಿಗೆ ಒಂದು ಕೊಳವೆ ಇರುತ್ತೆ, ಗಾಳಿ ಹೊರಗೆ ಹಾಕಬಲ್ಲವು. ಬ್ಯಾಸ್‌ಗೆ ಆ ಕೊಳವೆ ಇಲ್ಲ. ಗಾಳಿ ರಕ್ತದ ಮೂಲಕವೇ ನಿಧಾನಕ್ಕೆ ಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಹೊಟ್ಟೆ ಉಬ್ಬಿ, ಮೇಲಿನ ಬಿಸಿ ನೀರಿನಲ್ಲಿ, ಹದ್ದಿನ ಕಣ್ಣೆದುರು ತೇಲ್ತಾ ಇರಬೇಕು. ಸೂಜಿ ಚುಚ್ಚಿ ಗಾಳಿ ತೆಗೆಯೋರಿದ್ದಾರೆ. ಜಾಗ ತಪ್ಪಿದರೆ ಒಳಗಿನ ಅಂಗಕ್ಕೇ ಚುಚ್ಚುತ್ತೆ. ತೂಕ ಕಟ್ಟಿ ಮೀನನ್ನ ಆಳಕ್ಕೆ ಇಳಿಸಿ ಬಿಡೋ ಕ್ಲಿಪ್ಪುಗಳಿವೆ, ಅದು ಮೇಲು. ನನ್ನ ಹತ್ತಿರ ಅವತ್ತು ಎರಡೂ ಇರಲಿಲ್ಲ. ಫೋಟೋ ಮಾತ್ರ ಇತ್ತು.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಮೀನು ತಿನ್ನೋಳೇ, ಸಾರು ಮಾಡಿದರೆ ಕೇರಿಗೆಲ್ಲ ಗಮ ಅನ್ನುತ್ತೆ. ಅವಳು ಕೇಳಿದಳು, "ತಿನ್ನೋದೂ ಇಲ್ಲ, ಬಿಟ್ಟಿದ್ದು ಬದುಕೋದೂ ಇಲ್ಲ, ಮತ್ಯಾಕೋ ಹಿಡೀತೀಯ?"

ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು, ನಿಮ್ಮ ಮೇಲೂ ಹೇರ್ತೀನಿ. ಆಳ ಅಂದ ಕೂಡಲೇ ನಲವತ್ತು, ಐವತ್ತು ಅಡಿ ಅಂತ ಮೀಸೆ ತಿರುವಬೇಡಿ. ಹದಿನೈದರಿಂದ ಇಪ್ಪತ್ತೈದು ಅಡಿ ಸಾಕು. ಕಣ್ಣಿಗೆ ಕಾಣದಿದ್ದರೆ ಕೈಗೆ ಅದು ಆಳವೇ. ಕಲಿಯಬೇಕಾದ್ದೆಲ್ಲ ಅಷ್ಟರಲ್ಲೇ ಇದೆ. ಅದಕ್ಕಿಂತ ಆಳಕ್ಕೆ ಹೋಗ್ತೀರೋ, ತಿನ್ನೋಕೆ ಹೋಗಿ. ಟೆಕ್ಸಸ್‌ನಲ್ಲಿ ಸಾಮಾನ್ಯ ನಿಯಮದಂತೆ ದೊಡ್ಡಬಾಯಿ ಬ್ಯಾಸ್ 14 ಇಂಚಿಗೆ ಕಡಿಮೆ ಇದ್ದರೆ ಬಿಡಲೇಬೇಕು, ದಿನಕ್ಕೆ ಐದು ಮಾತ್ರ ಇಟ್ಟುಕೊಳ್ಳಬಹುದು. ಸಾರಿಗೆ ಎರಡು ಸಾಕು, ಎರಡು ಸಿಕ್ಕ ಮೇಲೆ ಕಡ್ಡಿ ಕೆಳಗಿಡಿ. ಮೇಲೆ ಬರೋದೆಲ್ಲ ಗೇಣುದ್ದದ್ದೇ ಆದರೆ ಆ ಜಾಗ ಬಿಟ್ಟು ಬನ್ನಿ. ಇಳಿಸೋ ಕ್ಲಿಪ್ಪು ಡಬ್ಬಿಯಲ್ಲಿ ಇರಲೇಬೇಕು. ಪರದೆಯ ಮೇಲೆ ನನಗಿರೋ ಇನ್ನೊಂದು ಸಿಟ್ಟು ಇದೇ: ಅದು ಕಲಿಯೋ ಹುಡುಗರನ್ನ ಮೊದಲ ತಿಂಗಳೇ ನಲವತ್ತು ಅಡಿಗೆ ಕರೆದುಕೊಂಡು ಹೋಗುತ್ತೆ. ಅಲ್ಲಿಂದ ಮೇಲೆತ್ತಿದ್ದನ್ನ ಏನು ಮಾಡಬೇಕು ಅಂತ ಅದು ಹೇಳೋದಿಲ್ಲ.

ಸೀಸದ ಮಾತೂ ಒಂದಿದೆ, ಚಿಕ್ಕದಾಗಿ ಹೇಳಿಬಿಡ್ತೀನಿ. ಲೂನ್ ಅನ್ನೋ ಮುಳುಗು ಹಕ್ಕಿ ಕಳೆದುಹೋದ ಸೀಸದ ಜಿಗ್‌ಗಳನ್ನ ನುಂಗಿ ವಿಷವೇರಿ ಸಾಯುತ್ತೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಹಗುರದ ಸೀಸದ ಜಿಗ್ ನಿಷಿದ್ಧ. ಬಾಸ್ಟನ್ ಕಡೆಯಿಂದ ಅಲ್ಲಿಗೆ ಹೋಗೋರು ನೆನಪಿಡಿ. ಎಲ್ಲಿದ್ದರೂ ಟಂಗ್‌ಸ್ಟನ್ ಕೊಳ್ಳಿ ಅಂತೀನಿ. ದುಬಾರಿ, ನಿಜ. ಆದರೆ ಸೀಸಕ್ಕಿಂತ ಸಾಂದ್ರ, ಗಟ್ಟಿ, ಅದೇ ತೂಕಕ್ಕೆ ಗಾತ್ರ ಚಿಕ್ಕದು. ಕಲ್ಲಿಗೆ ತಾಗಿದ್ದು ಬೆರಳಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಸಾವಿರಾರು ಡಾಲರಿನ ಪರದೆಯ ಮುಂದೆ ಆ ಖರ್ಚು ಯಾವ ಲೆಕ್ಕ?

ಹೋದ ವಸಂತದಲ್ಲಿ ಅಮ್ಮ ಬಂದಿದ್ದಳು. ಒಂದು ದಿನದ ಲೈಸೆನ್ಸ್ ತೆಗೆಸಿ ಅಜ್ಜನ ದೋಣಿಯಲ್ಲಿ ಕೂರಿಸಿದೆ. ಸೀರೆ ಮೇಲೆ ಲೈಫ್ ಜಾಕೆಟ್, ಬಿಸಿಲಿಗೆ ನನ್ನ ಟೋಪಿ. ನಾನು ಎಸೆದು ಕಡ್ಡಿ ಅವಳ ಕೈಗೆ ಕೊಟ್ಟೆ, ಮೆಲ್ಲಗೆ ಎಳಿ ಅಂದೆ. ಏನು ಹುಡುಕಬೇಕು ಅಂತ ಹೇಳಲಿಲ್ಲ. ಸ್ವಲ್ಪ ಹೊತ್ತು ಎಳೆದಳು. ಅಕ್ಕಿ ಆರಿಸುವಾಗಿನ ಮುಖ. "ಕಲ್ಲು," ಅಂದಳು. "ಇನ್ನೂ ಕಲ್ಲೇ. ಹ್ಞಾ, ಈಗ ಸಣ್ಣ ಕಲ್ಲು." ಅಜ್ಜ ನನ್ನ ಮುಖ ನೋಡಿದರು. "ಏನಂತೆ?" ಇಂಗ್ಲಿಷಿನಲ್ಲಿ ಹೇಳಿದೆ. ಆ ಏಣಿನಲ್ಲಿ ಬಂಡೆ ಮುಗಿದು ಜಲ್ಲಿ ಶುರುವಾಗೋ ಗೆರೆ ಅದೇ, ನನಗೆ ಸಿಕ್ಕೋಕೆ ಎರಡು ವರ್ಷ ಹಿಡಿದಿತ್ತು. ಆಮೇಲೆ ಏನೋ ಸಿಕ್ಕಿಕೊಂಡಿತು, ಜೋರಾಗಿ ಎಳೆದಳು, ದಾರ ಕಿತ್ತು ಬಂತು. ಮೀನೋ ಮರವೋ ಅಂತ ಕೇಳಿದೆ.

"ಮರ ಆಗಿದ್ರೆ ಅದ್ಯಾಕೋ ಆ ಕಡೆಗೆ ಹೋಯ್ತು?" ಅಂದಳು.